ಸಂತನ ಹೆಂಡತಿಯ ಮುಖ

ಅಕ್ಟೋಬರ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ, ಬ್ರೆವಾಂಜ್ ಪೊಲೀಸ್ ಠಾಣೆಗೆ ಇಬ್ಬರು ಬಂದರು. ಮುಂದಿದ್ದವರು ಪ್ರಾಂತ್ಯದ ಸ್ಮಾರಕ ಇಲಾಖೆಯ ಅಧಿಕಾರಿ ಅರ್ಮಾಂ ಕೊಲ್ಸೋ. ಎತ್ತರದ, ತೆಳ್ಳಗಿನ ಮನುಷ್ಯ. ಸಿಟ್ಟಿನಿಂದ ಅವರ ಕಿವಿಗಳು ಕೆಂಪಾಗಿದ್ದವು. ಹಿಂದೆ ಬಂದವರು ಊರ ಚರ್ಚಿನ ಪಾದ್ರಿ ಫಾದರ್ ಕೊಸ್ಸಿ. ಟೋಗೋ ದೇಶದವರು, ಈ ಊರಿಗೆ ಬಂದು ಮೂರು ವರ್ಷವಾಗಿತ್ತು. ಈ ಗಲಾಟೆಗೂ ತಮಗೂ ಸಂಬಂಧವಿಲ್ಲ ಎಂಬಂತೆ ಅವರು ಬಾಗಿಲ ಬಳಿಯೇ ನಿಂತರು.

ಠಾಣಾಧಿಕಾರಿ ಒದೀಲ್ ಬೆಸ್ನಾರ್ ಕೋಟು ಹಾಕಿಕೊಂಡೇ ಮೇಜಿನ ಹಿಂದೆ ಕುಳಿತಿದ್ದರು. ಠಾಣೆಯ ಹೀಟರ್ ಕೆಟ್ಟು ಒಂದು ವಾರವಾಗಿತ್ತು. ಕಾನ್‌ಸ್ಟೆಬಲ್ ಲೋಯಿಕ್ ಪ್ರಿಜಾಂ ಸ್ಪ್ಯಾನರ್ ಹಿಡಿದು ಅದರ ಮುಂದೆ ಮಂಡಿಯೂರಿದ್ದ.

"ದೂರು ಕೊಡಬೇಕು," ಎಂದರು ಕೊಲ್ಸೋ.

"ಕೂತ್ಕೊಳ್ಳಿ. ಏನು ಕಳುವಾಗಿದೆ?"

"ಕಳುವಾಗಿದೆ ಅಂತ ನಾನು ಹೇಳಲಿಲ್ಲ."

"ಏನಾದ್ರೂ ಒಡೆದಿದ್ದಾರಾ?"

"ಒಡೆದಿಲ್ಲ. ಒಂದು ಬಿರುಕು ಬಿಟ್ಟಿದೆ. ಆದರೆ ಮುಖ್ಯ ವಿಷಯ ಅದಲ್ಲ."

"ಮುಖ್ಯ ವಿಷಯ ಏನು ಸಾರ್?"

"ಒಂದು ಮುಖ ಬಂದಿದೆ."

ಒದೀಲ್ ಬರೆಯುವುದನ್ನು ನಿಲ್ಲಿಸಿದರು. "ಮುಖ ಬಂದಿದೆ?"

"ಹೌದು. ಹೋದ ವಾರ ಇರಲಿಲ್ಲ. ಈಗ ಇದೆ."

ಹೀಟರ್ ಹಿಂದಿನಿಂದ ಲೋಯಿಕ್ ನಕ್ಕದ್ದು ಎಲ್ಲರಿಗೂ ಕೇಳಿಸಿತು.

ವಿಷಯ ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು. ಕೊಲ್ಸೋ ಯಾವ ಮಾತನ್ನೂ ಹದಿಮೂರನೆಯ ಶತಮಾನಕ್ಕಿಂತ ಈಚೆಗೆ ಶುರುಮಾಡಲು ಒಪ್ಪುತ್ತಿರಲಿಲ್ಲ. ಊರ ಚರ್ಚಿನಲ್ಲಿ ಸಂತ ಉಸ್ತಾಶನ ಜೀವನವನ್ನು ಬಣ್ಣದ ಗಾಜಿನಲ್ಲಿ ಹೇಳುವ ದೊಡ್ಡ ಕಿಟಕಿಯೊಂದಿತ್ತು. ಏಳು ವರ್ಷ ಹಿಂದೆ ಅದನ್ನು ಬಿಚ್ಚಿ ರಿಪೇರಿಗೆ ಕಳಿಸಿದ್ದರು. ಜೂನ್‌ನಲ್ಲಿ ಅದು ತಿರುಗಿ ಬಂದು ಗೋಡೆಗೆ ಕೂತಿತು. ಬರುವ ಭಾನುವಾರ ಬಿಷಪ್ಪರು ಬಂದು ಅದನ್ನು ಆಶೀರ್ವದಿಸಬೇಕು, ರಾಜಧಾನಿಯಿಂದ ದೊಡ್ಡವರೊಬ್ಬರು ಭಾಷಣ ಮಾಡಬೇಕು. ಕಿಟಕಿಯ ಒಂದು ಚೌಕದಲ್ಲಿ ಸಂತನ ಹೆಂಡತಿಯ ಮುಖ ಹಳೆಯದಲ್ಲವೆಂದೂ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿನ ಗಾಜುಗಾರನೊಬ್ಬ ತನ್ನಿಷ್ಟದಂತೆ ಬರೆದು ಕೂರಿಸಿದ್ದೆಂದೂ ರಿಪೇರಿ ಮಾಡಿದ ತಜ್ಞರು ವರದಿ ಕೊಟ್ಟಿದ್ದರು. ಆ ಮುಖವನ್ನು ತೆಗೆದು, ಆ ಜಾಗಕ್ಕೆ ಬರೀ ಕಂದು ಬಣ್ಣದ ಗಾಜು ಹಾಕಿದ್ದರು. ಭಾನುವಾರದ ಸಿದ್ಧತೆ ನೋಡಲು ಈ ಬೆಳಿಗ್ಗೆ ಕೊಲ್ಸೋ ಬಂದಾಗ ಕಂದು ಗಾಜು ಇರಲಿಲ್ಲ. ಹಳೆಯ ಮುಖ ಮತ್ತೆ ಅಲ್ಲಿತ್ತು.

"ಅಂದ್ರೆ," ಎಂದರು ಒದೀಲ್, "ಯಾರೋ ತಂದು ಹಾಕಿ ಹೋಗಿದ್ದಾರೆ."

"ಸಂರಕ್ಷಿತ ಸ್ಮಾರಕಕ್ಕೆ ಕೈ ಹಾಕಿದ್ದಾರೆ! ಏಳು ವರ್ಷ ಜೈಲಿಗೆ ಹೋಗೋ ಅಪರಾಧ ಇದು. ಬೆರಳಚ್ಚು ತೆಗೆಸಿ."

"ತೆಗೆಸ್ತೀನಿ."

"ಆದರೆ ಗಾಜಿನ ಮೇಲೆ ಪುಡಿ ಹಾಕುವಂತಿಲ್ಲ. ಮುಟ್ಟುವಂತಿಲ್ಲ. ಫ್ಲ್ಯಾಶ್ ಹಾಕಿ ಫೋಟೋ ತೆಗೆಯುವಂತಿಲ್ಲ."

ಒದೀಲ್ ಕೊಲ್ಸೋ ಮುಖವನ್ನೇ ನೋಡಿದರು. ನೀರಿಗಿಳಿಯಬೇಕು, ಮೈ ನೆನೆಯಬಾರದು. ಹಸು, ಸೈಕಲ್ಲು, ಟ್ರ್ಯಾಕ್ಟರಿನ ಡೀಸೆಲ್ಲು, ಒಮ್ಮೆ ಹಗಲು ಹೊತ್ತಿನಲ್ಲೇ ಒಂದು ಇಡೀ ಗೇಟು, ಹೀಗೆ ಹೋದದ್ದಕ್ಕೆಲ್ಲ ದೂರು ಬರೆದುಕೊಂಡು ಅವರ ಕೈ ಸವೆದಿತ್ತು. ಬಂದದ್ದಕ್ಕೆ ದೂರು ಕೊಟ್ಟವರು ಇವರೇ ಮೊದಲು.

"ಫಾದರ್, ನೀವು ಇದನ್ನ ಯಾವಾಗ ನೋಡಿದ್ರಿ?"

"ಶನಿವಾರ," ಎಂದರು ಫಾದರ್ ಕೊಸ್ಸಿ.

ಕೊಲ್ಸೋ ತಿರುಗಿ ನೋಡಿದರು. "ಶನಿವಾರವೇ ನೋಡಿದ್ರಾ? ಮತ್ತೆ ಯಾಕೆ ಹೇಳಲಿಲ್ಲ?"

"ನಾನು ಬಂದಾಗ ಈ ಕಿಟಕಿ ಇರಲೇ ಇಲ್ಲ ಸಾರ್, ಪ್ಲೈವುಡ್ ಹೊಡೆದಿದ್ರು. ಜೂನ್‌ನಲ್ಲಿ ಹೆಂಗಸಿಗೆ ಮುಖ ಇರಲಿಲ್ಲ. ಶನಿವಾರ ಇತ್ತು. ಕೆಲಸ ಮುಗೀತು ಅಂದ್ಕೊಂಡೆ."

* * *

ಹನ್ನೊಂದರ ಹೊತ್ತಿಗೆ ಚರ್ಚಿನಲ್ಲಿ ಸ್ಥಳ ಮಹಜರು ನಡೆಯಿತು. ಕಿಟಕಿ ದಕ್ಷಿಣದ ಗೋಡೆಯಲ್ಲಿತ್ತು, ಬಿಸಿಲು ನೇರವಾಗಿ ಬೀಳುತ್ತಿತ್ತು. ನೆಲದ ಕಲ್ಲುಗಳ ಮೇಲೆ ಕೆಂಪು ನೀಲಿ ಚೆಲ್ಲಿದಂತಿತ್ತು. ಕೊಲ್ಸೋ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದುದರಿಂದ ವಿವರಿಸುವ ಕೆಲಸ ಫಾದರ್ ಪಾಲಿಗೆ ಬಂತು.

"ಕೆಳಗಿನಿಂದ ಮೇಲಕ್ಕೆ ಓದಬೇಕು," ಎಂದರು ಅವರು. "ಇಗೋ, ಇವನು ಪ್ಲಾಸಿದ್, ರೋಮಿನ ಸೇನಾಪತಿ. ಬೇಟೆಗೆ ಹೋಗಿದ್ದಾನೆ. ಜಿಂಕೆಯ ಕೊಂಬಿನ ನಡುವೆ ಶಿಲುಬೆ ಕಾಣ್ತು. ಇಲ್ಲಿ ಸ್ನಾನದೀಕ್ಷೆ. ಆಮೇಲಿಂದ ಅವನ ಹೆಸರು ಉಸ್ತಾಶ. ಇಲ್ಲಿಂದ ಅವನ ಕಷ್ಟ ಶುರು. ಆಳುಗಳು ಸತ್ರು, ದನ ಸತ್ವು, ಮನೆಗೆ ಕಳ್ಳರು ನುಗ್ಗಿದ್ರು."

"ದೇವರನ್ನ ನಂಬಿದ್ದಕ್ಕಾ?" ಎಂದ ಲೋಯಿಕ್.

"ಆ ಪ್ರಶ್ನೆ ಬಿಷಪ್ಪರನ್ನ ಕೇಳು. ಇಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಹಡಗು ಹತ್ತಿದ. ದಾಟಿಸಿದ ಬಾಡಿಗೆಗೆ ಕಾಸಿಲ್ಲ ಅಂತ ಹಡಗಿನವನು ಹೆಂಡತಿನೇ ಇಟ್ಕೊಂಡ. ಅದೇ ಈ ಚೌಕ. ಮೇಲಿನದರಲ್ಲಿ ನದಿ ದಾಟುವಾಗ ಒಬ್ಬ ಮಗನ್ನ ಸಿಂಹ ಹೊತ್ಕೊಂಡು ಹೋಯ್ತು, ಇನ್ನೊಬ್ಬನ್ನ ತೋಳ. ಇವನು ನಡುನೀರಲ್ಲಿ ನಿಂತಿದ್ದಾನೆ, ನೋಡು, ಕೂದಲು ಕಿತ್ಕೊಳ್ತಿದ್ದಾನೆ."

"ಆಮೇಲೆ?"

"ವರ್ಷಗಟ್ಟಲೆ ಆದ ಮೇಲೆ ಎಲ್ಲರೂ ಸಿಕ್ತಾರೆ. ಸಿಕ್ಕ ಮೇಲೆ ಚಕ್ರವರ್ತಿ ನಾಲ್ಕೂ ಜನರನ್ನ ಹಿತ್ತಾಳೆ ಎತ್ತಿನ ಹೊಟ್ಟೆಗೆ ತುಂಬಿ ಕೆಳಗೆ ಬೆಂಕಿ ಹಾಕ್ತಾನೆ."

ಲೋಯಿಕ್ ಮೇಲಿನ ಚೌಕಗಳನ್ನು ನೋಡಿ ತಲೆ ಕೊಡವಿದ. "ನನ್ನ ಹೆಂಡ್ತಿ ನೋಡೋ ಟಿ.ವಿ. ಧಾರಾವಾಹೀಲೂ ಇಷ್ಟೊಂದು ಆಗಲ್ಲ."

ತಕರಾರಿನ ಚೌಕ ನೆಲದಿಂದ ಎರಡಾಳೆತ್ತರದಲ್ಲಿತ್ತು. ಎಡಗಡೆ ಹಡಗು. ಅದರಲ್ಲಿ ಹಸಿರು ಅಂಗಿಯ ನಾವಿಕ ಹೆಂಗಸಿನ ತೋಳು ಹಿಡಿದಿದ್ದಾನೆ. ಬಲಗಡೆ ದಡದಲ್ಲಿ ಉಸ್ತಾಶ, ಪಕ್ಕದಲ್ಲಿ ಇಬ್ಬರು ಮಕ್ಕಳು. ಚಿಕ್ಕವನು ಒಂದು ಕೈಯನ್ನು ಮೇಲೆತ್ತಿದ್ದಾನೆ. ಉಳಿದವರ ಕಣ್ಣುಗಳು ಆ ಕಾಲದ ಪದ್ಧತಿಯಂತೆ ಅಗಲವಾಗಿ, ಯಾರನ್ನೂ ನೋಡದೆ ಇದ್ದವು. ಹೆಂಗಸು ಮಾತ್ರ ಭುಜದ ಮೇಲಿಂದ ಹಿಂದಕ್ಕೆ ತಿರುಗಿದ್ದಳು. ಅವಳ ಒಂದು ಹುಬ್ಬು ಇನ್ನೊಂದಕ್ಕಿಂತ ಸ್ವಲ್ಪ ಮೇಲಿತ್ತು. ಮುಂದಿನ ಹಲ್ಲುಗಳ ನಡುವೆ ಸಂದಿಯಿತ್ತು. ಸಂತನ ಕಥೆಯಲ್ಲಿ ಯಾರಾದರೂ ಬಾಯಿ ತೆರೆದು ಹಲ್ಲು ತೋರಿಸಿದ್ದನ್ನು ಒದೀಲ್ ಮೊದಲು ಕಂಡಿರಲಿಲ್ಲ.

ಚರ್ಚಿನ ಏಣಿ ಹತ್ತಿ ಲೋಯಿಕ್ ಹೇಳುತ್ತ ಹೋದ, ಒದೀಲ್ ಬರೆದುಕೊಂಡರು. ಚೌಕ ಹಿಡಿದಿರುವ ಸ್ಕ್ರೂಗಳು ಒಳಗಡೆಯಿಂದಲೇ ಇವೆ, ಬಿಚ್ಚಿ ಮತ್ತೆ ಬಿಗಿದ ಗುರುತಿದೆ. ಮುಖದ ಸುತ್ತಲ ಸೀಸದ ಪಟ್ಟಿ ಹೊಸದು, ಬೆಸುಗೆ ಹೊಳೆಯುತ್ತಿದೆ. ಚಿಕ್ಕ ಮಗುವಿನ ತೋಳಿನ ಹಸಿರು ಗಾಜಿನಲ್ಲಿ ಕೂದಲೆಳೆಯಂಥ ಬಿರುಕು. ಒಳಗೆ ನುಗ್ಗಿದ, ಬೀಗ ಮುರಿದ ಗುರುತು ಎಲ್ಲೂ ಇಲ್ಲ. ಹಗಲೆಲ್ಲ ಚರ್ಚಿನ ಬಾಗಿಲು ತೆರೆದೇ ಇರುತ್ತದೆ.

ಆಮೇಲೆ ಕೊಲ್ಸೋ ತಾವೇ ನೋಡಬೇಕೆಂದು ಏಣಿ ಹತ್ತಿದರು. ಕನ್ನಡಕ ಹಣೆಗೇರಿಸಿ ಬೆಸುಗೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಇಳಿದು ಬಂದಾಗ ಅವರ ಬಾಯಿ ಕಟ್ಟಿತ್ತು. ಬೆಳಗಿನಿಂದ ಅವರು ಸುಮ್ಮನಾದದ್ದು ಅದೇ ಮೊದಲು.

"ಏನು ಕಂಡಿತು?" ಎಂದರು ಒದೀಲ್.

"ಏನಿಲ್ಲ. ಕಸುಬು ಗೊತ್ತಿದ್ದವರ ಕೆಲಸ."

"ಯಾರ ಕಸುಬು?"

"ಹನ್ನೆರಡಾಯಿತು," ಎಂದು ಕೊಲ್ಸೋ ಗಡಿಯಾರ ನೋಡಿಕೊಂಡರು. "ಊಟ ಮಾಡೋಣ."

ತೆಗೆದಿಟ್ಟ ಹಳೆಯ ಗಾಜುಗಳು ಪುರಸಭೆಯ ಉಗ್ರಾಣದಲ್ಲಿದ್ದವು. ಪುರಸಭೆಗೆ ಎರಡರವರೆಗೆ ಬೀಗ. ಗುಮಾಸ್ತೆ ಊಟಕ್ಕೆ ಹೋಗಿದ್ದಳು. ಬೇಕರಿಗೂ ಬೀಗ, ಔಷಧಿ ಅಂಗಡಿಗೂ ಬೀಗ. ಊರಿನಲ್ಲಿ ಕೊಲೆಯಾದರೂ ಹನ್ನೆರಡರಿಂದ ಎರಡರ ನಡುವೆ ಹೆಣ ಕಾಯಬೇಕು ಎಂದು ಒದೀಲ್ ಗೊಣಗಿಕೊಂಡು, ಠಾಣೆಯ ಚಳಿಯಲ್ಲಿ ಕೂತು ತಣ್ಣನೆಯ ಬ್ರೆಡ್ಡು ಚೀಸು ತಿಂದರು.

ಎರಡೂವರೆಗೆ ಉಗ್ರಾಣ ತೆರೆಯಿತು. ಬೀಗದ ಕೈ ಗುಮಾಸ್ತೆಯ ಮೇಜಿನ ಡ್ರಾಯರಿನಲ್ಲಿತ್ತು, ಡ್ರಾಯರಿಗೆ ಬೀಗವಿರಲಿಲ್ಲ. ಮರದ ಪೆಟ್ಟಿಗೆ ಬಿಚ್ಚಿದರು. ಒಳಗೆ ದಪ್ಪ ಸ್ಪಂಜಿನಲ್ಲಿ ಒಂದೊಂದು ಗಾಜಿಗೂ ಅದರದೇ ಆಕಾರದ ಗೂಡು ಕೊರೆದಿತ್ತು. ಮುಖ ಇರಬೇಕಾದ ಗೂಡಿನಲ್ಲಿ ಕಂದು ಗಾಜಿನ ತುಂಡು ಮಲಗಿತ್ತು. ಒರೆಸಿ, ತೆಳು ಕಾಗದದಲ್ಲಿ ಸುತ್ತಿ ಇಟ್ಟಿದ್ದರು.

"ಕಳ್ಳ ಒಂದನ್ನ ತಗೊಂಡು ಇನ್ನೊಂದನ್ನ ಇಟ್ಟಿದ್ದಾನೆ," ಎಂದ ಲೋಯಿಕ್. "ಮೇಡಂ, ಇದಕ್ಕೆ ಕಳ್ಳತನ ಅಂತ ಬರೀಬೇಕಾ, ಅದಲು ಬದಲು ಅಂತ ಬರೀಬೇಕಾ?"

"ಬಾಯಿ ಮುಚ್ಕೊಂಡು ಫೋಟೋ ತೆಗಿ."

* * *

ಸಂಜೆಯವರೆಗೆ ಇಬ್ಬರೂ ಊರಿನಲ್ಲಿ ವಿಚಾರಿಸಿದರು. ಚರ್ಚಿನ ಎದುರಿನ ಬೇಕರಿಯವಳು ಏನೂ ನೋಡಿರಲಿಲ್ಲ. ಔಷಧಿ ಅಂಗಡಿಯವನು ಏನೂ ನೋಡಿರಲಿಲ್ಲ. ಹಗಲೆಲ್ಲ ಚರ್ಚಿನ ಮುಂದಿನ ಬಯಲಿನ ಬೆಂಚಿನ ಮೇಲೆ ಕೂತು ಹಾರುವ ಪಾರಿವಾಳಗಳಿಗೂ ಹೆಸರಿಡುವ ನಾಲ್ವರು ಮುದುಕರು ಹೋದ ವಾರ ಮಾತ್ರ ಏನೂ ನೋಡಿರಲಿಲ್ಲ.

"ಹೆಂಗಸಿನ ಮುಖ ಬದಲಾಗಿದ್ದು ಗೊತ್ತಾ?"

"ಬದಲಾಗಿದ್ಯಾ? ಮೊದ್ಲಿಂದ್ಲೂ ಹಂಗೇ ಇತ್ತಲ್ಲ ಮೇಡಂ," ಎಂದ ಒಬ್ಬ ಮುದುಕ.

"ಜೂನ್‌ನಲ್ಲಿ ಕಂದು ಗಾಜಿತ್ತು."

"ನನ್ನ ಕಣ್ಣಿಗೆ ಪೊರೆ ಬಂದಿದೆ."

"ನಿಮಗೆ?" ಎಂದು ಪಕ್ಕದವನನ್ನು ಕೇಳಿದರು.

"ನಂಗೂ ಪೊರೆ."

"ಇಡೀ ಊರಿಗೇ ಪೊರೆ ಬಂದಿದ್ಯಾ?" ಒದೀಲ್ ದನಿ ಏರಿತು. "ಶನಿವಾರ ಚರ್ಚಲ್ಲಿ ಶವಸಂಸ್ಕಾರ ಇತ್ತಂತೆ. ಅರ್ಧ ಊರು ಅಲ್ಲಿತ್ತಂತೆ. ಒಬ್ಬರೂ ತಲೆ ಎತ್ತಿ ನೋಡಲಿಲ್ವಾ?"

ಕೊನೆಯವನು, ಎಲ್ಲರಿಗಿಂತ ಹಿರಿಯ, ಊರುಗೋಲನ್ನು ಎರಡು ಸಲ ಕುಟ್ಟಿದ. "ನೀವು ಈ ಊರಿಗೆ ಬಂದು ನಾಲ್ಕು ವರ್ಷ ಆಯ್ತಲ್ಲ ಮೇಡಂ. ನಿಮಗೆ ಬ್ಲಾಂಶ್ ಗೊತ್ತಿಲ್ಲ."

"ಯಾರು ಬ್ಲಾಂಶ್?"

"ಕಿಟಕೀಲಿರೋಳು."

ಬ್ಲಾಂಶ್ ವೋದ್ರೋ ಹೊಳೆಯ ದಂಡೆಯಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದವಳು. ಯುದ್ಧದ ಕೊನೆಯ ಬೇಸಿಗೆಯಲ್ಲಿ ರೈಲು ಸೇತುವೆಗೆಂದು ಹಾಕಿದ ಬಾಂಬು ಅವಳ ಮನೆಯ ಮೇಲೆ ಬಿತ್ತು. ಅವಳೂ ಹೋದಳು, ಮನೆಯೂ ಹೋಯಿತು. ಆ ದಿನ ಅಜ್ಜಿಯ ಮನೆಯಲ್ಲಿದ್ದ ನಾಲ್ಕು ವರ್ಷದ ಮಗ ಅಷಿಲ್ ಉಳಿದ. ಅವಳ ಒಂದು ಫೋಟೋ ಕೂಡ ಉಳಿಯಲಿಲ್ಲ. ಅದೇ ಬಾಂಬಿನ ಕಂಪನಕ್ಕೆ ಕಿಟಕಿಯ ಹೆಂಗಸಿನ ಮುಖವೂ ಉದುರಿತ್ತು. ಸೆರೆ ಶಿಬಿರದಿಂದ ತಿರುಗಿ ಬಂದ ಊರಿನ ಗಾಜುಗಾರ ಅದನ್ನು ಹೊಸದಾಗಿ ಬರೆದ. ನೆನಪಿನಿಂದ ಬರೆದ.

"ಹುಬ್ಬು, ಹಲ್ಲಿನ ಸಂದಿ, ಎಲ್ಲಾ ಅವಳದ್ದೇ ಅಂತೆ," ಎಂದ ಮುದುಕ. "ಅವಳ ಹಲ್ಲಿನ ಸಂದಿ ಅವನಿಗೆ ಅಷ್ಟು ಚೆನ್ನಾಗಿ ಹೇಗೆ ನೆನಪಿತ್ತು ಅಂತ ನಮ್ಮಮ್ಮಂದಿರು ಗುಸುಗುಸು ಅಂತಿದ್ರು. ಆ ಮಾತು ಬಿಡಿ. ಹುಡುಗನಿಗೆ ತಾಯಿ ಮುಖ ಅಂತ ಇದ್ದಿದ್ದು ಅದೊಂದೇ."

"ಆ ಹುಡುಗ ಈಗ ಎಲ್ಲಿದ್ದಾನೆ?"

"ಶನಿವಾರ ಮಣ್ಣು ಮಾಡಿದ್ವಲ್ಲ. ಅವನೇ."

* * *

ಅಷಿಲ್ ವೋದ್ರೋ ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾಗಿದ್ದ. ಅವನ ಮಗಳು ರೆಜೀನ್ ನಿಲ್ದಾಣದ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದಳು. ಒದೀಲ್ ಮತ್ತು ಲೋಯಿಕ್ ಹೋದಾಗ ಅವಳು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ನೆಲ ಒರೆಸುತ್ತಿದ್ದಳು.

"ಚರ್ಚಿನ ಕಿಟಕಿ ವಿಷಯ."

"ಗೊತ್ತು. ನೀವು ಬೆಂಚಿನ ಹತ್ರ ಕೂಗಾಡಿದ್ದು ಇಲ್ಲೀತನಕ ಬಂತು."

"ಶನಿವಾರ ನೀವು ಮೊದಲ ಸಾಲಲ್ಲಿದ್ರಿ. ಮುಖ ನೋಡಿದ್ರಾ?"

"ನೋಡ್ದೆ."

"ದೂರು ಯಾಕೆ ಕೊಡಲಿಲ್ಲ?"

ರೆಜೀನ್ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. "ಅಪ್ಪನ ಪೆಟ್ಟಿಗೆ ಮುಂದಿದೆ, ಮೇಲೆ ಅಜ್ಜಿ ನೋಡ್ತಿದ್ದಾಳೆ. ಹಾಡು ನಿಲ್ಸಿ, ಠಾಣೆಗೆ ಓಡಿ ಬಂದು, ಮೇಡಂ ಅಜ್ಜಿ ಬಂದಿದ್ದಾಳೆ ಹಿಡೀರಿ ಅಂತ ಹೇಳ್ಬೇಕಿತ್ತಾ?"

ಲೋಯಿಕ್ ಕೆಮ್ಮಿದ. ಒದೀಲ್ ಕೇಳಿದರು: "ಯಾರು ಹಾಕಿದ್ದು?"

"ನನಗೆ ಗೊತ್ತಿಲ್ಲ."

"ನೀವು ಯಾರನ್ನಾದ್ರೂ ಕೇಳಿದ್ರಾ?"

"ಕೇಳ್ದೆ. ಅಪ್ಪ ಹೋದ ದಿನ ಸ್ಮಾರಕ ಇಲಾಖೆಗೆ ಫೋನ್ ಮಾಡ್ದೆ. ಒಂದು ಗಂಟೆ ಸಾಕು ಸ್ವಾಮಿ, ಪೆಟ್ಟಿಗೆ ಪಕ್ಕ ಆ ಗಾಜು ಇಟ್ಟು ಆಮೇಲೆ ನಾನೇ ತಂದು ಕೊಡ್ತೀನಿ ಅಂದೆ. ಸಮಿತಿ ತೀರ್ಮಾನ ಮಾಡ್ಬೇಕು ಅಂದ್ರು. ಸಮಿತಿ ಯಾವಾಗ ಸೇರುತ್ತೆ ಅಂದೆ. ನವೆಂಬರ್ ಅಂದ್ರು."

"ಫೋನಲ್ಲಿ ಯಾರಿದ್ರು?"

"ಕೊಲ್ಸೋ ಅಂತ. ತುಂಬಾ ಮರ್ಯಾದೆಯಿಂದ ಮಾತಾಡಿದ್ರು."

ಹೊರಗೆ ಬಂದ ಕೂಡಲೇ ಒದೀಲ್ ಕೊಲ್ಸೋಗೆ ಫೋನ್ ಮಾಡಿದರು. ಹೌದು, ಅಂಥದೊಂದು ಕೋರಿಕೆ ಬಂದಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಅವರಿಗೆ ಹೊಳೆದಿರಲಿಲ್ಲ. ನಿಯಮ ನಿಯಮವೇ.

"ಹೆಣ ನವೆಂಬರ್ ತನಕ ಕಾಯಬೇಕಿತ್ತಾ ಸಾರ್?"

"ನೀವು ನನ್ನ ಮೇಲೆ ರೇಗಬೇಡಿ. ನಾನು ದೂರುದಾರ."

"ದೂರುದಾರರೇ, ಹಾಗಾದ್ರೆ ಇದನ್ನ ಹೇಳಿ. ಬೆಸುಗೆ ನೋಡಿದ ಮೇಲೆ ನಿಮ್ಮ ಬಾಯಿ ಯಾಕೆ ಕಟ್ಟಿತು?"

"ಒಳ್ಳೆ ಬೆಸುಗೆ. ಅಷ್ಟೇ," ಎಂದು ಕೊಲ್ಸೋ ಫೋನ್ ಇಟ್ಟರು.

ಬುಧವಾರ ಬೆಳಿಗ್ಗೆ ಒದೀಲ್‌ಗೆ ಮೊದಲೇ ಹೊಳೆಯಬೇಕಾದ ಪ್ರಶ್ನೆಯೊಂದು ಹೊಳೆಯಿತು. ಚೌಕ ಬಿಚ್ಚಿ, ಇಳಿಸಿ, ಸೀಸ ಕಾಯಿಸಿ ಬೆಸೆಯುವ ಕೆಲಸ ಅಲುಗಾಡುವ ಏಣಿಯ ಮೇಲೆ ನಿಂತು ಆಗುವುದಲ್ಲ. ಹಲಗೆ ಹಾಸಿದ ಅಟ್ಟಣಿಗೆ ಬೇಕು. ಊರಿನಲ್ಲಿ ಗಾಲಿಯಿರುವ ಅಟ್ಟಣಿಗೆ ಇರುವುದು ಪುರಸಭೆಯಲ್ಲಿ, ಒಂದೇ ಒಂದು. ಅದರ ಉಸ್ತುವಾರಿ ರೆಮಿ ಗಾಶ್ ಎಂಬ ಪುರಸಭೆಯ ನೌಕರನದು. ಅವನು ಸ್ಮಶಾನದ ಗೇಟಿಗೆ ಬಣ್ಣ ಹೊಡೆಯುತ್ತಿದ್ದ.

"ಶವಸಂಸ್ಕಾರದ ಹಿಂದಿನ ದಿನ, ಶುಕ್ರವಾರ, ಅಟ್ಟಣಿಗೆ ಎಲ್ಲಿತ್ತು?"

"ಚರ್ಚಲ್ಲಿ."

"ಯಾರು ತಗೊಂಡು ಹೋದ್ರು?"

"ನಾನೇ ತಳ್ಕೊಂಡು ಹೋದೆ. ಮೇಡಂ ಕೇಳಿದ್ರು, ಕೊಟ್ಟೆ."

"ಯಾವ ಮೇಡಂ?"

"ಕಿಟಕಿ ರಿಪೇರಿ ಮಾಡಿದ್ರಲ್ಲ, ಆ ಮೇಡಂ. ಬೊನ್ನಾಫೂ ಮೇಡಂ. ಊಟ ಆದ್ಮೇಲೆ ಬಿಳಿ ವ್ಯಾನಲ್ಲಿ ಬಂದ್ರು, ಸಂಜೆ ಐದಕ್ಕೆ ಹೋದ್ರು. ಉಗ್ರಾಣದ ಬಾಗ್ಲೂ ನಾನೇ ತೆಗ್ದು ಕೊಟ್ಟೆ."

"ಇದನ್ನ ನೆನ್ನೆ ಯಾಕೆ ಹೇಳಲಿಲ್ಲ?"

"ನೆನ್ನೆ ನನ್ನನ್ನ ಯಾರೂ ಕೇಳ್ಲಿಲ್ವಲ್ಲ," ಎಂದ ರೆಮಿ, ನಿಜವಾಗಿಯೂ ಆಶ್ಚರ್ಯಪಟ್ಟು. "ನೀವು ಕಳ್ಳನ್ನ ಹುಡುಕ್ತಿದೀರ ಅಂದ್ರು. ಮೇಡಂ ಕಳ್ಳಿ ಅಲ್ವಲ್ಲ. ಅವ್ರದೇ ಕೆಲಸ ಅದು."

ಒದೀಲ್ ಜೀಪಿನ ಬಾನೆಟ್ಟಿಗೆ ಒರಗಿ ಒಂದು ನಿಮಿಷ ಆಕಾಶ ನೋಡಿದರು. ಹಾಡುಹಗಲು, ಅಟ್ಟಣಿಗೆ ಹಾಕಿ, ಊರ ನಡುವೆ ವ್ಯಾನು ನಿಲ್ಲಿಸಿ, ಮೂರು ಗಂಟೆ ಕೆಲಸ ಮಾಡಿದ್ದಾರೆ. ಎಲ್ಲರೂ ನೋಡಿದ್ದಾರೆ. ಊರು ತುಂಬ ಕಣ್ಣು, ಒಂದಕ್ಕೂ ಬಾಯಿಲ್ಲ.

"ಮೇಡಂ," ಎಂದ ಲೋಯಿಕ್ ಮೆಲ್ಲಗೆ. "ಆ ಮುಖ ಬೇಡ ಅಂತ ವರದಿ ಕೊಟ್ಟೋರೂ ಅವ್ರೇ ಅಲ್ವಾ?"

"ಹೌದು ಕಣಪ್ಪ. ಗಾಡಿ ಹತ್ತು."

* * *

ಎಲ್ವೀರ್ ಬೊನ್ನಾಫೂ ಅವರ ಕಾರ್ಯಾಗಾರ ಜಿಲ್ಲಾ ಪೇಟೆಯ ಹಳೆಯ ಚರ್ಮದ ಮಂಡಿಯೊಂದರಲ್ಲಿತ್ತು. ಸರ್ಕಾರಿ ವಕೀಲರ ಅನುಮತಿ ಪಡೆದು ಒದೀಲ್ ಮತ್ತು ಲೋಯಿಕ್ ಅಲ್ಲಿಗೆ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅರವತ್ತರ ಹತ್ತಿರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಬೆರಳ ತುದಿಗಳು ಸೀಸದಿಂದ ಕಪ್ಪಾಗಿದ್ದವು. ಕೆಳಗಿನಿಂದ ಬೆಳಕು ಬರುವ ಮೇಜಿನ ಮೇಲೆ ಯಾವುದೋ ಬೇರೆ ಊರಿನ ದೇವದೂತನ ರೆಕ್ಕೆ ಹರಡಿಕೊಂಡು ಕುಳಿತಿದ್ದರು. ಸಮವಸ್ತ್ರ ಕಂಡು ಏಳಲಿಲ್ಲ.

"ಭಾನುವಾರಕ್ಕಿಂತ ಮೊದಲೇ ಬಂದ್ರಿ," ಎಂದರು. "ಕೊಲ್ಸೋ ನೋಡಿದ್ರಾ?"

"ನೋಡಿದ್ರು. ಹೆಸರು ಹೇಳಲಿಲ್ಲ."

"ಹೇಳಲ್ಲ. ಇಪ್ಪತ್ತು ವರ್ಷದಿಂದ ನನ್ನ ಬೆಸುಗೆ ನೋಡ್ತಿದ್ದಾರೆ." ಅವರು ಬೆಸುಗೆ ಹಾಕುವ ಕಬ್ಬಿಣದ ಸ್ವಿಚ್ಚು ಆರಿಸಿ, ದೇವದೂತನ ರೆಕ್ಕೆಯ ಮೇಲೆ ಬಟ್ಟೆ ಹೊದಿಸಿದರು. "ಕೋಟು ತಗೋಬಹುದಾ?"

ಮಧ್ಯಾಹ್ನ ಒಂದೂವರೆಗೆ ಅವರನ್ನು ಬಂಧಿಸಿದ್ದಾಗಿ ಬರೆಯಲಾಯಿತು. ಮೂರು ಗಂಟೆಗೆ ಬ್ರೆವಾಂಜ್ ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಹೀಟರ್ ಇನ್ನೂ ಕೆಟ್ಟೇ ಇತ್ತು. ವಕೀಲರು ಬೇಡವೆಂದು ಎಲ್ವೀರ್ ಹೇಳಿದರು.

"ಮುಖ ಹಾಕಿದ್ದು ನೀವಾ?"

"ನಾನೇ."

"ಮಗುವಿನ ತೋಳಿನ ಗಾಜು ಬಿರುಕು ಬಿಟ್ಟಿದ್ದು?"

"ಅದೂ ನನ್ನ ಕೈಯಿಂದಲೇ. ಕಂದು ಗಾಜು ಎಬ್ಬಿಸುವಾಗ." ಎಲ್ವೀರ್ ತಮ್ಮ ಕೈ ನೋಡಿಕೊಂಡರು. "ಎಂಟುನೂರು ವರ್ಷ, ಎಷ್ಟೋ ಯುದ್ಧ, ಬಾಂಬು, ಎಲ್ಲ ದಾಟಿ ಬಂದ ಗಾಜು ಅದು. ಅವಸರದಲ್ಲಿ ನಾನು ಸೀಳಿದೆ. ಬೇರೆ ಯಾವುದಕ್ಕೆ ಶಿಕ್ಷೆ ಕೊಡದಿದ್ರೂ ಅದಕ್ಕೆ ಕೊಡಿ."

"ಅಷಿಲ್ ವೋದ್ರೋ ಗೊತ್ತಿತ್ತಾ?"

"ಹೆಸರು ಗೊತ್ತಿರಲಿಲ್ಲ. ಟೋಪಿಯ ಮುದುಕ ಅಂತಿದ್ದೆ. ಪ್ರತಿ ಗುರುವಾರ ರೈಲಲ್ಲಿ ಬರೋರು. ರೈಲ್ವೆಯವರಿಗೆ ಟಿಕೆಟ್ ಇಲ್ಲವಲ್ಲ. ಆ ಚೌಕ ನನ್ನ ಮೇಜಿನ ಮೇಲಿದ್ದ ಎರಡು ಚಳಿಗಾಲವೂ ಬಂದ್ರು. ಕಾಫಿ ಕೊಡ್ತಿದ್ದೆ. ಒಲೆ ಪಕ್ಕ ಸ್ಟೂಲಲ್ಲಿ ಕೂತು ನೋಡೋರು. ಒಂದೇ ಮಾತು ಕೇಳೋರು. ಇವಳನ್ನ ಯಾವಾಗ ತೊಳೀತೀರಿ ಅಂತ."

"ನೀವೇನು ಹೇಳಿದ್ರಿ?"

"ಇನ್ನೂ ಸಮಯವಿದೆ ಅಂದೆ. ಆಗಲೇ ತೆಗೆಯೋದು ಅಂತ ಬರೆದಾಗಿತ್ತು. ಇಪ್ಪತ್ತನೇ ಶತಮಾನದ್ದು, ಕಲಾತ್ಮಕ ಮೌಲ್ಯವಿಲ್ಲ, ಹಳೆಯ ಚಿತ್ರಕ್ಕೆ ಹೊಂದೋದಿಲ್ಲ. ನನ್ನದೇ ಮಾತುಗಳು. ಮುದುಕನಿಗೆ ಹೇಳಿ ಯಾಕೆ ಬೇಜಾರು ಮಾಡೋದು ಅಂತ ಹೇಳಲಿಲ್ಲ. ಜೂನ್‌ನಲ್ಲಿ ಚರ್ಚಲ್ಲಿ ಪರದೆ ಸರಿಸಿದಾಗ ಅವರು ಮುಂದೆ ನಿಂತಿದ್ರು. ಮೇಲೆ ನೋಡಿದ್ರು. ಟೋಪಿ ಹಾಕ್ಕೊಂಡು ಹೋದ್ರು. ಕೂಗಲಿಲ್ಲ, ಜಗಳ ಆಡಲಿಲ್ಲ. ನನಗೆ ಅರ್ಥವೇ ಆಗಲಿಲ್ಲ."

"ಯಾವಾಗ ಅರ್ಥ ಆಯ್ತು?"

"ಹೋದ ಬುಧವಾರ. ಇಲಾಖೆಯವರು ಆಗಲ್ಲ ಅಂದ ಮೇಲೆ ಮುದುಕರ ಮಗಳು ನನಗೆ ಫೋನ್ ಮಾಡಿದ್ಲು. ಯಾರ ಮುಖ ಅಂತ ಹೇಳಿದ್ಲು. ನಾನೂ ನಿಯಮ ಹೇಳಿದೆ, ಮೇಡಂ. ಗಾಜು ಈಗ ಪುರಸಭೆಯದ್ದು, ನನ್ನ ಕೈಲಿಲ್ಲ ಅಂದೆ. ಅವಳು ಥ್ಯಾಂಕ್ಸ್ ಹೇಳಿ ಇಟ್ಲು. ಥ್ಯಾಂಕ್ಸ್ ಹೇಳಿದ್ಲು ನೋಡಿ! ಬೈದಿದ್ರೆ ನಾನು ಮನೇಲೇ ಇರ್ತಿದ್ದೆನೇನೋ."

ಲೋಯಿಕ್ ಟೈಪು ಮಾಡುವುದನ್ನು ನಿಲ್ಲಿಸಿದ್ದ. ಒದೀಲ್ ಅವನ ಕಡೆ ನೋಡಿದ ಮೇಲೆ ಮತ್ತೆ ಶುರುಮಾಡಿದ.

"ಶವಸಂಸ್ಕಾರ ಆದ ಮೇಲೆ ತೆಗೆದುಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ತೆಗೀಲಿಲ್ಲ?"

"ತೆಗೆಯೋಣ ಅಂತಲೇ ಹಾಕಿದ್ದು. ಶನಿವಾರ ಎಲ್ಲರೂ ಹೋದ ಮೇಲೆ ಉಳ್ಕೊಂಡೆ. ಕೆಳಗೆ ನಿಂತು ನೋಡಿದೆ." ಎಲ್ವೀರ್ ಒಂದು ಕೈ ಮೇಲೆತ್ತಿ ತೋರಿಸಿದರು. "ದಡದಲ್ಲಿ ಚಿಕ್ಕ ಮಗು ಕೈ ಎತ್ತಿದೆಯಲ್ಲ, ಆ ಕೈ ಹಳೇದು, ಮೂಲದ್ದು. ಕಂದು ಗಾಜು ಇದ್ದಾಗ ಅದು ಯಾರಿಗೆ ಕೈ ಎತ್ತಿದೆ ಅಂತ ನಾನು ಯೋಚಿಸಿರಲೇ ಇಲ್ಲ. ಗಾಜುಗಾರ ಯೋಚಿಸಿದ್ದ. ಅವಳನ್ನ ಆ ಕೈ ಕಡೆಗೇ ತಿರುಗಿಸಿದ್ದ. ಹೊಂದೋದಿಲ್ಲ ಅಂತ ನಾನು ಬರೆದಿದ್ದೆ. ಅದು ಸುಳ್ಳು. ಮತ್ತೆ ಕೈ ಹಾಕಲು ಆಗಲಿಲ್ಲ."

ಹೇಳಿಕೆಗೆ ಸಹಿಯಾಯಿತು.

ಗುರುವಾರ ಬೆಳಿಗ್ಗೆ ಕೊಲ್ಸೋ ಠಾಣೆಗೆ ಬಂದು, ಭಾನುವಾರದ ಒಳಗೆ ಮುಖ ತೆಗೆಸಿ ಕಂದು ಗಾಜು ಹಾಕಿಸಲು ಅನುಮತಿ ಕೇಳಿದರು. ಚೌಕ ಈಗ ಪ್ರಕರಣದ ಸಾಕ್ಷ್ಯವೆಂದೂ, ನ್ಯಾಯಾಲಯದ ಆದೇಶವಿಲ್ಲದೆ ಯಾರೂ ಅದನ್ನು ಮುಟ್ಟುವಂತಿಲ್ಲವೆಂದೂ ಒದೀಲ್ ತಿಳಿಸಿದರು.

"ಆದೇಶ ಯಾವಾಗ ಬರುತ್ತೆ?"

"ಬೇಗ ಬರಲ್ಲ ಸಾರ್. ನ್ಯಾಯಾಲಯದವರೂ ನಿಮ್ಮ ಸಮಿತಿಯ ಹಾಗೇ."

ಕೊಲ್ಸೋ ರೇಗುತ್ತಾರೆಂದು ಲೋಯಿಕ್ ಕಾದ. ಅವರು ರೇಗಲಿಲ್ಲ. ಎಲ್ವೀರ್‌ಗೆ ಬೆಚ್ಚಗಿನ ಕಂಬಳಿ ಕೊಟ್ಟಿದ್ದಾರೆಯೇ ಎಂದು ಕೇಳಿ ಹೊರಟುಹೋದರು. ಭಾನುವಾರ ಬಿಷಪ್ಪರು ಬಂದರು, ಕಿಟಕಿಗೆ ಪವಿತ್ರ ಜಲ ಚಿಮುಕಿಸಿದರು. ಎಲ್ಲಕ್ಕಿಂತ ಆ ಹಡಗಿನ ಹೆಂಗಸಿನ ಮುಖ ತಮಗೆ ಬಹಳ ಹಿಡಿಸಿತೆಂದೂ, ಆ ಕಾಲದವರ ಭಕ್ತಿಯೇ ಬೇರೆಯೆಂದೂ ಹೇಳಿದರು. ಊರವರು ಯಾರೂ ನಗಲಿಲ್ಲ. ಫಾದರ್ ಕೊಸ್ಸಿ ಮಾತ್ರ ಬಗ್ಗಿ ಶೂ ಲೇಸು ಕಟ್ಟಿಕೊಂಡರು.

ಅದಕ್ಕೆ ಮೊದಲು, ಗುರುವಾರ ಸಂಜೆ, ಸರ್ಕಾರಿ ವಕೀಲರು ಫೋನ್ ಮಾಡಿದ್ದರು. ಆರೋಪಿಯನ್ನು ಬಿಡುಗಡೆ ಮಾಡಿ, ವಿಚಾರಣೆಗೆ ಕರೆದಾಗ ಬರಲಿ ಎಂದರು. ಕೆಲಸದ ಪರವಾನಗಿ ಹೋಗುವುದು ಖಚಿತ, ಜೈಲು ಆಗಲಿಕ್ಕಿಲ್ಲ ಎಂದರು. ಕಡತ ಮುಚ್ಚುವ ಮುನ್ನ ಅವರಿಗೆ ಒಂದೇ ಒಂದು ತಿಳಿಯಬೇಕಿತ್ತು. ದುಡ್ಡಿಲ್ಲ, ದ್ವೇಷವಿಲ್ಲ, ಸತ್ತವನು ಅವಳಿಗೆ ನೆಂಟನೂ ಅಲ್ಲ. ಇಷ್ಟು ವರ್ಷದ ಹೆಸರು ಕೆಡಿಸಿಕೊಳ್ಳುವಂಥದ್ದು ಏನಿತ್ತು?

"ಎರಡು ಚಳಿಗಾಲ ಆ ಮುದುಕನಿಗೆ ಕಾಫಿ ಕೊಟ್ಟಿದ್ದಾರೆ ಸಾರ್," ಎಂದರು ಒದೀಲ್. "ಯಾಕೆ ಬರ್ತೀಯಪ್ಪಾ ಅಂತ ಒಂದು ಸಲವೂ ಕೇಳಿರಲಿಲ್ಲ."